ಕೈಗೆಟಕುವ ಖರ್ಚಿನಲ್ಲಿ ಅಡುಗೆ ಕಟ್ಟೆ: ಆಯ್ಕೆ, ಅಳತೆ, ಅಳವಡಿಕೆ

ಅಡುಗೆ ಕಟ್ಟೆಯ ಬಿಲ್ಲನ್ನು ಸಾಲುಸಾಲಾಗಿ ಬಿಡಿಸಿ ನೋಡಿದವರಿಗೆ ಮೊದಲು ಗೋಚರಿಸುವ ಸಂಗತಿಯೆಂದರೆ, ಕಲ್ಲಿನ ಬೆಲೆ ಅದರಲ್ಲಿ ಒಂದು ಸಾಲು ಮಾತ್ರ. ಅಂಚಿಗೆ ಪಾಲಿಶ್ ಕೊಡಲು ಉದ್ದದ ಲೆಕ್ಕ, ಸಿಂಕಿನ ಕಂಡಿಗೂ ಒಲೆಯ ಕಂಡಿಗೂ ಬಿಡಿಬಿಡಿ ಲೆಕ್ಕ, ನಲ್ಲಿ ಕೂರಿಸುವ ತೂತಿಗೆ ಇನ್ನೊಂದು ಲೆಕ್ಕ, ಸಂದು ಕೂಡಿಸುವ ಕೂಲಿ, ಸಾಗಣೆ, ಹಳೆಯ ಕಟ್ಟೆಯನ್ನು ಒಡೆದು ಹೊರಹಾಕುವ ಕೆಲಸ, ಕೊಳಾಯಿ ಬಿಚ್ಚಿ ಮತ್ತೆ ಜೋಡಿಸುವ ಕೆಲಸ, ಇವೆಲ್ಲ ಸೇರಿದಾಗ ಮೊತ್ತ ಕಲ್ಲಿನ ಬೆಲೆಯನ್ನೇ ಮೀರಿಸುವುದುಂಟು. ಆದ್ದರಿಂದ ಹಣ ಉಳಿಸಬೇಕೆಂದಿರುವವರು ಅಗ್ಗದ ಚಪ್ಪಡಿಯನ್ನು ಹುಡುಕುತ್ತ ಅಂಗಡಿಯಿಂದ ಅಂಗಡಿಗೆ ಅಲೆಯುವ ಮೊದಲು, ಒಂದು ಹಾಳೆಯ ಮೇಲೆ ತಮ್ಮ ಕಟ್ಟೆಯ ನಕ್ಷೆಯನ್ನು ಬರೆದು, ಕಂಡಿಗಳೆಷ್ಟು, ಸಂದುಗಳೆಷ್ಟು, ಕಣ್ಣಿಗೆ ಕಾಣುವ ಅಂಚಿನ ಉದ್ದವೆಷ್ಟು ಎಂದು ಎಣಿಸಿಕೊಳ್ಳುವುದು ಒಳ್ಳೆಯದು.

ಈ ನಕ್ಷೆಯ ಒಂದೇ ಪ್ರತಿಯನ್ನು ಎಲ್ಲ ಗುತ್ತಿಗೆದಾರರ ಕೈಗೂ ಕೊಟ್ಟು ದರ ಕೇಳಬೇಕು. ಬಾಯಿಮಾತಿನಲ್ಲಿ ಕೇಳಿದ ದರಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬರುವುದಿಲ್ಲ. ದರವು ಬಳಸಿದ ವಿಸ್ತೀರ್ಣಕ್ಕೋ ಅಥವಾ ಒಡೆದ ಪೂರ್ಣ ಚಪ್ಪಡಿಗೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಕಟ್ಟೆ ಒಂದು ಚಪ್ಪಡಿಗಿಂತ ಸ್ವಲ್ಪವೇ ದೊಡ್ಡದಿದ್ದರೆ ಎರಡನೆಯ ಚಪ್ಪಡಿಯ ಬಹುಪಾಲನ್ನು ಸುಮ್ಮನೆ ಕೊಂಡಂತಾಗುತ್ತದೆ. ಕಟ್ಟೆ ಚಿಕ್ಕದಾಗಿದ್ದರೆ ಕಲ್ಲು ಕೊಯ್ಯುವವರ ಅಂಗಳದಲ್ಲಿ ದೊಡ್ಡ ಕೆಲಸಗಳಿಂದ ಮಿಕ್ಕ ತುಂಡುಗಳನ್ನು ವಿಚಾರಿಸಬಹುದು. ಬಣ್ಣದ ವಿಷಯದಲ್ಲಿ ಹಟವಿಲ್ಲದವರಿಗೆ ಇದರಷ್ಟು ಲಾಭದ ದಾರಿ ಇನ್ನೊಂದಿಲ್ಲ. ಅಂಚಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ನೇರವಾಗಿ ಕೊಯ್ದು, ಮೊನೆಯನ್ನು ಎರಡು ಮೂರು ಮಿಲಿಮೀಟರಿನಷ್ಟು ಸವರಿದ ಸಾದಾ ಅಂಚು ಸಾಕು. ಅಲೆಯಲೆಯಾದ ಅಲಂಕಾರದ ಅಂಚುಗಳು ಕೂಲಿಯನ್ನು ಹೆಚ್ಚಿಸುವುದರ ಜೊತೆಗೆ ಕೊಳೆ ಕೂರುವ ತಾಣವೂ ಆಗುತ್ತವೆ.

ಕಟ್ಟೆಯನ್ನು ಬದಲಾಯಿಸಲೇಬೇಕೇ ಎಂಬುದನ್ನೂ ಒಮ್ಮೆ ಯೋಚಿಸಬೇಕು. ಹೊಳಪು ಮಾಸಿದ ಗ್ರಾನೈಟಿಗೆ ಮರುಪಾಲಿಶ್ ಸಾಧ್ಯ. ಮೇಲ್ಮೈ ಸವೆದ ಲ್ಯಾಮಿನೇಟ್ (ಹಲಗೆಗೆ ಮೈಕಾ ಹಾಳೆ ಅಂಟಿಸಿದ) ಕಟ್ಟೆಯ ಒಳಹಲಗೆ ಗಟ್ಟಿಯಾಗಿದ್ದರೆ, ಅದನ್ನು ಉಜ್ಜಿ ಒರಟು ಮಾಡಿ ಮೇಲೆ ಹೊಸ ಹಾಳೆಯನ್ನು ಅಂಟಿಸಬಹುದು. ಆದರೆ ಸಿಂಕಿನ ಸುತ್ತ ಹಲಗೆ ಉಬ್ಬಿದ್ದರೆ ಅಥವಾ ಬೆರಳಿನಿಂದ ಒತ್ತಿದಾಗ ಮೆತ್ತಗೆ ತಗ್ಗಿದರೆ, ಅದರ ಮೇಲೆ ಮಾಡುವ ಯಾವ ಉಪಚಾರವೂ ಹಣದ ದಂಡವೇ ಸರಿ.

ಯಾವ ವಸ್ತು, ಯಾರಿಗೆ

ಬಜೆಟ್ ಬಿಗಿಯಾಗಿರುವವರು ಲ್ಯಾಮಿನೇಟನ್ನು ಕೀಳಾಗಿ ಕಾಣಬೇಕಾಗಿಲ್ಲ. ನಾವು ಮಾತಿನಲ್ಲಿ ಮೈಕಾ ಎಂದು ಕರೆಯುವ ಈ ಹಾಳೆಯಲ್ಲಿ ಅಭ್ರಕದ ಒಂದು ಚೂರೂ ಇಲ್ಲ. 1912ರಲ್ಲಿ ಅಮೆರಿಕದ ಇಬ್ಬರು ಎಂಜಿನಿಯರುಗಳು ವಿದ್ಯುತ್ ನಿರೋಧಕವಾಗಿ ಬಳಸುತ್ತಿದ್ದ ಅಭ್ರಕಕ್ಕೆ ಬದಲಿಯಾಗಿ ಇಂತಹ ಹಾಳೆಯನ್ನು ರೂಪಿಸಿ, ಮೈಕಾಕ್ಕೆ ಬದಲು ಎಂಬ ಅರ್ಥದಲ್ಲಿ ಫಾರ್ಮೈಕಾ ಎಂದು ಹೆಸರಿಟ್ಟರು. ಫೀನಾಲಿಕ್ ರಾಳದಲ್ಲಿ ನೆನೆಸಿದ ಕಂದು ಕಾಗದದ ಪದರಗಳ ಮೇಲೆ ಮೆಲಮೈನ್ ರಾಳದ ಬಣ್ಣದ ಕಾಗದವನ್ನಿಟ್ಟು, ಹೆಚ್ಚಿನ ಒತ್ತಡ ಮತ್ತು ಶಾಖದಲ್ಲಿ ಬೆಸೆದರೆ ಸುಮಾರು 1 ಮಿ.ಮೀ. ದಪ್ಪದ ಗಟ್ಟಿ ಹಾಳೆ ಸಿದ್ಧವಾಗುತ್ತದೆ. ಇದಕ್ಕೆ ಕಲೆ ಸುಲಭವಾಗಿ ಹಿಡಿಯುವುದಿಲ್ಲ, ಭಾರ ಕಡಿಮೆ, ಸಾಧಾರಣ ಮರಗೆಲಸ ಬಲ್ಲವರು ತಾವೇ ಕೂರಿಸಬಹುದು.

ಲ್ಯಾಮಿನೇಟಿನ ದೌರ್ಬಲ್ಯ ಮೇಲಿನ ಹಾಳೆಯಲ್ಲಿಲ್ಲ, ಕೆಳಗಿನ ಹಲಗೆಯಲ್ಲಿದೆ. ಮರದ ಪುಡಿಯನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಆದ್ದರಿಂದ ಸಿಂಕ್ ಇರುವ ಭಾಗಕ್ಕಾದರೂ ನೀರು ತಡೆಯುವ ದರ್ಜೆಯ ಪ್ಲೈವುಡ್ಡನ್ನು ಆಯ್ದುಕೊಳ್ಳುವುದು ಕ್ಷೇಮ. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರವಾಗಿ ಇಡುವ ಅಭ್ಯಾಸವಿದ್ದವರ ಮನೆಯಲ್ಲಿ ಮಾತ್ರ ಈ ವಸ್ತು ಬಾಳುವುದಿಲ್ಲ. ಅಂಟು ಬಿಟ್ಟು ಹಾಳೆ ಗುಳ್ಳೆಯೇಳುತ್ತದೆ, ಸುಟ್ಟ ಗುರುತನ್ನು ತೆಗೆಯುವ ಉಪಾಯವೂ ಇಲ್ಲ.

ಗ್ರಾನೈಟಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರಲ್ಲಿರುವ ಕ್ವಾರ್ಟ್ಜ್ ಖನಿಜದ ಗಡಸುತನ, 1ರಿಂದ 10ರವರೆಗೆ ಎಣಿಸುವ ಮೋಸ್ ಮಾಪನದಲ್ಲಿ 7, ಫೆಲ್ಡ್‌ಸ್ಪಾರಿನದು 6. ಸಾಮಾನ್ಯ ಚಾಕುವಿನ ಉಕ್ಕು ಇವುಗಳಿಗಿಂತ ಮೆದು ಅಥವಾ ಹೆಚ್ಚೆಂದರೆ ಸರಿಸಮ ಆಗಿರುವುದರಿಂದ ಕಲ್ಲಿಗೆ ಗೀರು ಬೀಳುವ ಬದಲು ಚಾಕುವಿನ ಹರಿತವೇ ಹೋಗುತ್ತದೆ. ಬಿಸಿ ಪಾತ್ರೆಗೂ ನಿಂಬೆಹುಳಿಗೂ ಅದು ಜಗ್ಗುವುದಿಲ್ಲ. ಆದರೆ ಕಣಗಳ ನಡುವೆ ಸೂಕ್ಷ್ಮ ರಂಧ್ರಗಳಿರುವ ಕಾರಣ, ತಿಳಿಬಣ್ಣದ ಗ್ರಾನೈಟಿನಲ್ಲಿ ಎಣ್ಣೆಯ ಕಲೆ ಒಳಗಿಳಿಯುತ್ತದೆ. ಕಡುಬಣ್ಣದ, ಸಣ್ಣ ಕಣದ ಕಲ್ಲುಗಳು ಸಾಮಾನ್ಯವಾಗಿ ಕಡಿಮೆ ಹೀರುತ್ತವೆ; ಕಲೆಯನ್ನು ಮರೆಮಾಚುವ ಗುಣವೂ ಅವಕ್ಕಿದೆ.

ಅಂಗಡಿಯಲ್ಲಿ ಗ್ರಾನೈಟ್ ಎಂಬ ಹೆಸರು ಹೊತ್ತ ಕಲ್ಲೆಲ್ಲ ಗ್ರಾನೈಟ್ ಆಗಿರಬೇಕೆಂದಿಲ್ಲ. ಅದಕ್ಕಾಗಿ ಆಯ್ಕೆ ಮಾಡಿದ ಚಪ್ಪಡಿಯದೇ ಒಂದು ತುಂಡನ್ನು ಕೇಳಿ ಮನೆಗೆ ತಂದು ನಾಲ್ಕು ಪರೀಕ್ಷೆಗಳನ್ನು ಮಾಡಬಹುದು. ಮೊದಲನೆಯದಾಗಿ, ಮೇಲೆ ಕೆಲವು ಹನಿ ನೀರು ಬಿಟ್ಟು ಹದಿನೈದು ನಿಮಿಷ ಕಾಯಬೇಕು. ಹನಿಯ ಅಡಿಯಲ್ಲಿ ಕಲ್ಲು ಕಪ್ಪಾದರೆ ಅದು ನೀರು ಹೀರುತ್ತದೆ, ರಂಧ್ರಗಳನ್ನು ಮುಚ್ಚುವ ಸೀಲರ್ ಎಂಬ ದ್ರವ ಬೇಕೇ ಬೇಕು ಎಂದರ್ಥ. ಎರಡನೆಯದಾಗಿ, ನಿಂಬೆರಸದ ಹನಿಯನ್ನು ಹತ್ತು ನಿಮಿಷ ಬಿಟ್ಟು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಹೊಳಪು ಸತ್ತ ಮಚ್ಚೆ ಕಂಡರೆ ಅದರಲ್ಲಿ ಅಮೃತಶಿಲೆಯಲ್ಲಿರುವಂತಹ ಸುಣ್ಣದ ಖನಿಜವಿದೆ. ಮೂರನೆಯದಾಗಿ, ಅಚ್ಚಕಪ್ಪು ಕಲ್ಲನ್ನು ಅಸಿಟೋನ್ ಅದ್ದಿದ ಬಿಳಿಬಟ್ಟೆಯಿಂದ ಬಲವಾಗಿ ಉಜ್ಜಬೇಕು; ಬಟ್ಟೆಗೆ ಬಣ್ಣ ಹತ್ತಿದರೆ ಆ ಕಪ್ಪು ಕಲ್ಲಿನದಲ್ಲ, ಬಳಿದದ್ದು. ನಾಲ್ಕನೆಯದು ಕ್ವಾರ್ಟ್ಜೈಟ್ (ಬಹುಪಾಲು ಕ್ವಾರ್ಟ್ಜ್ ಇರುವ ನೈಸರ್ಗಿಕ ಕಲ್ಲು) ಎಂದು ಹೇಳಿ ಮಾರುವ ಬಿಳಿಕಲ್ಲಿಗೆ ಸಂಬಂಧಿಸಿದ್ದು: ಅದರ ಚೂಪು ಮೂಲೆಯಿಂದ ಹಳೆಯ ಗಾಜಿನ ಬಾಟಲಿಯ ಮೇಲೆ ಒತ್ತಿ ಎಳೆದಾಗ ನಿಜವಾದ ಕ್ವಾರ್ಟ್ಜೈಟ್ ಗಾಜನ್ನು ಗೀರುತ್ತದೆ, ಅಮೃತಶಿಲೆ ಗೀರಲಾರದು.

ಅಮೃತಶಿಲೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಡಸುತನ 3, ಹುಳಿ ತಾಕಿದಲ್ಲೆಲ್ಲ ಕರಗುತ್ತದೆ. ಅಡುಗೆ ಮಾಡುವ ಕಟ್ಟೆಗೆ ಅದು ತಕ್ಕದ್ದಲ್ಲ.

ಎಂಜಿನಿಯರ್ಡ್ ಕ್ವಾರ್ಟ್ಜ್ ಎಂಬ ತಯಾರಿಸಿದ ಕಲ್ಲಿನಲ್ಲಿ ತೂಕದ ಸುಮಾರು ಶೇ. 90ರಷ್ಟು ಕ್ವಾರ್ಟ್ಜ್ ಪುಡಿಯೂ ಉಳಿದ ಭಾಗ ರಾಳವೂ ಇರುತ್ತದೆ. ನೀರು ಹೀರುವುದಿಲ್ಲವಾದ್ದರಿಂದ ಸೀಲರಿನ ಗೊಡವೆಯಿಲ್ಲ, ಬಣ್ಣವೂ ಚಪ್ಪಡಿಯಿಂದ ಚಪ್ಪಡಿಗೆ ಹೆಚ್ಚು ಬದಲಾಗುವುದಿಲ್ಲ. ಆದರೆ ಮಾರುವವರು ಅಷ್ಟಾಗಿ ಒತ್ತಿ ಹೇಳದ ಎರಡು ಸಂಗತಿಗಳಿವೆ. ಆ ರಾಳ ಸುಮಾರು 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಡತೊಡಗುತ್ತದೆ, ಬಾಣಲೆಯ ತಳವೋ ಅದಕ್ಕಿಂತ ಬಹಳ ಹೆಚ್ಚು ಬಿಸಿಯಾಗಬಲ್ಲದು. ಮತ್ತು ನೇರ ಬಿಸಿಲು ಬೀಳುವ ಕಿಟಕಿಯ ಕೆಳಗೆ ಬಿಳಿಯ ಚಪ್ಪಡಿ ವರ್ಷಗಳು ಕಳೆದಂತೆ ಹಳದಿಗೆ ತಿರುಗಬಹುದು.

ಮೂರನೆಯ ಸಂಗತಿ ಕಟ್ಟೆಯ ಒಡೆಯನಿಗಿಂತ ಅದನ್ನು ಕೊಯ್ಯುವವನಿಗೆ ಸಂಬಂಧಿಸಿದ್ದು. ಈ ಕಲ್ಲನ್ನು ನೀರು ಹರಿಸದೆ ಕೊಯ್ದಾಗ ಏಳುವ ಸಿಲಿಕಾ (ಕ್ವಾರ್ಟ್ಜ್) ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ, ಗುಣವಾಗದ ಕಾಯಿಲೆಯನ್ನು ತರುತ್ತದೆ. ಕಾರ್ಮಿಕರಲ್ಲಿ ಈ ಕಾಯಿಲೆ ಹೆಚ್ಚಿದ್ದರಿಂದಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಎಂಜಿನಿಯರ್ಡ್ ಕಲ್ಲಿನ ಕಟ್ಟೆಗಳ ತಯಾರಿಕೆ, ಪೂರೈಕೆ ಮತ್ತು ಅಳವಡಿಕೆಯನ್ನು ನಿಷೇಧಿಸಿತು. ಗ್ರಾನೈಟಿನಲ್ಲೂ ಸಿಲಿಕಾ ಇದೆ, ಪ್ರಮಾಣ ಕಡಿಮೆ ಅಷ್ಟೆ. ಕೂರಿಸಿ ಮುಗಿದ ಕಟ್ಟೆ ಧೂಳು ಬಿಡುವುದಿಲ್ಲವಾದ್ದರಿಂದ ಬಳಸುವವರಿಗೆ ಭಯವಿಲ್ಲ; ಆದರೆ ಮನೆಯೊಳಗೆ ನೀರಿಲ್ಲದೆ ಗ್ರೈಂಡರ್ ಹಿಡಿದು ಕಲ್ಲು ಕೊಯ್ಯಲು ಯಾರಿಗೂ ಅವಕಾಶ ಕೊಡಬಾರದು. ಬಿಲ್ಲಿನಲ್ಲಿ ಒಂದಿಷ್ಟು ಹೆಚ್ಚಾದರೂ ಎಲ್ಲ ಕಂಡಿಗಳನ್ನೂ ಕಾರ್ಖಾನೆಯಲ್ಲಿ, ನೀರು ಹರಿಸುವ ಯಂತ್ರದಲ್ಲಿ ಕೊಯ್ಯಿಸಿ ತರಿಸಬೇಕು.

ಉಳಿದವುಗಳಲ್ಲಿ ಮರದ ಕಟ್ಟೆ ನೋಡಲು ಹಿತ, ಗೀರು ಬಿದ್ದರೆ ಉಜ್ಜಿ ಎಣ್ಣೆ ಹಚ್ಚಿ ಸರಿಪಡಿಸಬಹುದು. ಆದರೆ ಸಿಂಕಿನ ಪಕ್ಕ ಅದನ್ನು ದಿನವೂ ಒರೆಸುವ ಶಿಸ್ತು ಇರಬೇಕು. ಸ್ಟೇನ್‌ಲೆಸ್ ಸ್ಟೀಲ್ ಬಯಸುವವರು 304 ದರ್ಜೆಯ, 1.2 ಮಿ.ಮೀ.ಗೆ ಕಡಿಮೆಯಿಲ್ಲದ ತಗಡನ್ನು ಪ್ಲೈವುಡ್ ಮೇಲೆ ಅಂಟಿಸಿಕೊಂಡರೆ ಪಾತ್ರೆ ಇಟ್ಟಾಗಲೆಲ್ಲ ಡಬಡಬ ಎನ್ನುವುದಿಲ್ಲ. ಕಾಂಕ್ರೀಟನ್ನು ಮನೆಯಲ್ಲೇ ಎರಕ ಹೊಯ್ಯುವುದು ಸಾಮಗ್ರಿಯ ಲೆಕ್ಕದಲ್ಲಿ ಅಗ್ಗ, ಸಮಯದ ಲೆಕ್ಕದಲ್ಲಿ ದುಬಾರಿ. ತೀರ ಕಡಿಮೆ ಹಣದಲ್ಲಿ, ತಾವೇ ಮಾಡಿಕೊಳ್ಳುವವರಿಗೆ ದೊಡ್ಡ ಅಳತೆಯ ಪೋರ್ಸಲೀನ್ ಟೈಲುಗಳ ಕಟ್ಟೆ ಚೆನ್ನಾಗಿ ಒಪ್ಪುತ್ತದೆ. ಅದಕ್ಕೆ 18 ಮಿ.ಮೀ. ಪ್ಲೈವುಡ್ಡಿನ ಮೇಲೆ 6 ಮಿ.ಮೀ. ಸಿಮೆಂಟ್ ಬೋರ್ಡು ಹಾಸಿ, ಸಂದುಗಳನ್ನು ಎರಡು ಮೂರು ಮಿಲಿಮೀಟರಿಗೆ ಸೀಮಿತಗೊಳಿಸಿ, ಅವುಗಳಿಗೆ ಸಿಮೆಂಟ್ ಗ್ರೌಟಿನ (ಸಂದು ತುಂಬುವ ಲೇಪದ) ಬದಲು ರಾಳದಿಂದಾದ ಎಪಾಕ್ಸಿ ಗ್ರೌಟ್ ತುಂಬಬೇಕು. ಟೈಲ್ ಕಟ್ಟೆಯ ಮೇಲೆ ಕೇಳಿಬರುವ ದೂರೆಲ್ಲ ಬಹುತೇಕ ಕಪ್ಪಾದ ಗ್ರೌಟಿನ ದೂರೇ.

ನನ್ನನ್ನು ಕೇಳಿದರೆ, ಪೂರ್ತಿ ಕಟ್ಟೆಗೆ ಒಂದೇ ವಸ್ತು ಇರಬೇಕೆಂಬ ನಿಯಮವೇನಿಲ್ಲ. ಒಲೆ ಮತ್ತು ಸಿಂಕ್ ಇರುವ ಭಾಗಕ್ಕೆ ಗ್ರಾನೈಟನ್ನೂ, ಪಾತ್ರೆ ಡಬ್ಬಗಳನ್ನಿಡುವ ಒಣಭಾಗಕ್ಕೆ ಲ್ಯಾಮಿನೇಟನ್ನೂ ಹಾಕಿಸಿದರೆ, ಎರಡರ ಗುಣವೂ ದಕ್ಕುತ್ತದೆ, ಕಲ್ಲಿನ ವಿಸ್ತೀರ್ಣವೂ ಇಳಿಯುತ್ತದೆ.

ಅಳತೆಗೆ ಮುನ್ನ ತಳಪಾಯ

ಕಲ್ಲು ತಾನಾಗಿಯೇ ಬಿರಿಯುವುದು ಅಪರೂಪ. ಅಡಿಯಲ್ಲಿ ಒಂದೆಡೆ ಆಧಾರವಿದ್ದು ಇನ್ನೊಂದೆಡೆ ಪೊಳ್ಳಿದ್ದಾಗ ಬಿರಿಯುತ್ತದೆ. ಆದ್ದರಿಂದ ಕೆಳಗಿನ ಕ್ಯಾಬಿನೆಟ್ಟುಗಳನ್ನು ಅವುಗಳ ಅಂತಿಮ ಜಾಗದಲ್ಲಿ ಗೋಡೆಗೆ ಬಿಗಿದು, ಒಂದಕ್ಕೊಂದು ಕೂಡಿಸಿ, ಮಟ್ಟ ಮಾಡಿದ ಮೇಲೆಯೇ ಅಳತೆಗೆ ಕರೆಯಬೇಕು. ನೆಲ ಎಲ್ಲಿ ಅತಿ ಎತ್ತರವಾಗಿದೆಯೋ ಅಲ್ಲಿಂದ ಮಟ್ಟವನ್ನು ಆರಂಭಿಸಿ, ಉಳಿದ ಕಡೆ ಕ್ಯಾಬಿನೆಟ್ಟಿನ ಪಾದಕ್ಕೆ ಬೆಣೆ ಕೊಟ್ಟು ಎತ್ತುತ್ತ ಹೋಗಬೇಕು. ಉದ್ದನೆಯ, ಬಾಗಿಲ್ಲದ ಪಟ್ಟಿಯೊಂದರ ಮೇಲೆ ರಸಮಟ್ಟವಿಟ್ಟು ಮುಂದಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ, ಮೂಲೆಯಿಂದ ಮೂಲೆಗೆ ನೋಡಬೇಕು. 3 ಮೀಟರ್ ಉದ್ದದಲ್ಲಿ 3 ಮಿ.ಮೀ. ಮೀರಿದ ವ್ಯತ್ಯಾಸವನ್ನು ಒಪ್ಪಿಕೊಳ್ಳಬಾರದು. ವ್ಯತ್ಯಾಸವನ್ನು ಕಲ್ಲಿನ ಅಡಿಯಲ್ಲಿ ಚಕ್ಕೆ ತುರುಕಿ ಸರಿಮಾಡುತ್ತೇವೆ ಎನ್ನುವವರ ಮಾತಿಗೆ ತಲೆದೂಗಬೇಡಿ, ಏಕೆಂದರೆ ಆಗ ಇಡೀ ಚಪ್ಪಡಿ ಆ ನಾಲ್ಕು ಚಕ್ಕೆಗಳ ಮೇಲೆ ನಿಂತಂತಾಗುತ್ತದೆ.

ಎತ್ತರವನ್ನು ಇದೇ ಹಂತದಲ್ಲಿ ತೀರ್ಮಾನಿಸಬೇಕು. ಸಾಮಾನ್ಯವಾಗಿ ಕಟ್ಟೆಗಳು 85ರಿಂದ 91 ಸೆಂ.ಮೀ. ಎತ್ತರವಿರುತ್ತವೆ, ಆದರೆ ದಿನವೂ ಅಲ್ಲಿ ನಿಲ್ಲುವವರ ಮೈಕಟ್ಟಿಗಿಂತ ದೊಡ್ಡ ಪ್ರಮಾಣವಿಲ್ಲ. ನೇರವಾಗಿ ನಿಂತು ಮೊಣಕೈ ಮಡಿಸಿದಾಗ, ಮೊಣಕೈಯಿಂದ 10ರಿಂದ 15 ಸೆಂ.ಮೀ. ಕೆಳಗೆ ಕಟ್ಟೆಯಿದ್ದರೆ ಬೆನ್ನು ಬಾಗಿಸದೆ ಹೆಚ್ಚಬಹುದು. ಹಳೆಯ 38 ಮಿ.ಮೀ. ಲ್ಯಾಮಿನೇಟ್ ತೆಗೆದು 20 ಮಿ.ಮೀ. ಕಲ್ಲು ಹಾಕಿದರೆ ಕಟ್ಟೆ 18 ಮಿ.ಮೀ. ತಗ್ಗುತ್ತದೆ, ಆಗ ಅಡಿಯಲ್ಲಿ ಕೂರುವ ಪಾತ್ರೆ ತೊಳೆಯುವ ಯಂತ್ರಕ್ಕೆ ಜಾಗ ಸಾಲುತ್ತದೆಯೇ, ಪಕ್ಕದಲ್ಲಿ ನಿಂತ ಒಲೆಯೊಂದಿಗೆ ಮಟ್ಟ ಕೂಡುತ್ತದೆಯೇ ಎಂದು ನೋಡಿಕೊಳ್ಳಬೇಕು.

ಗೋಡೆಗಳು ಪರಸ್ಪರ ಲಂಬವಾಗಿವೆ ಎಂದು ನಂಬುವುದು ದೊಡ್ಡ ತಪ್ಪು. ಮೂಲೆಯಿಂದ ಒಂದು ಗೋಡೆಯ ಮೇಲೆ 90 ಸೆಂ.ಮೀ., ಇನ್ನೊಂದರ ಮೇಲೆ 120 ಸೆಂ.ಮೀ. ಗುರುತಿಸಿ ಆ ಎರಡು ಗುರುತುಗಳ ನಡುವಿನ ಓರೆ ಅಂತರವನ್ನು ಅಳೆದರೆ, ಸರಿಯಾದ ಮೂಲೆಯಲ್ಲಿ ಅದು 150 ಸೆಂ.ಮೀ. ಬರಬೇಕು. ಕಡಿಮೆ ಬಂದರೆ ಮೂಲೆ ಕಿರಿದಾಗಿದೆ, ಹೆಚ್ಚು ಬಂದರೆ ಅಗಲಿದೆ. ಇಂತಹ ಮೂಲೆಗಳಿರುವ ಕಡೆ ಬರಿಯ ಅಳತೆಪಟ್ಟಿಯ ಅಂಕಿಗಳನ್ನು ನಂಬದೆ, ತೆಳುವಾದ ಪ್ಲೈವುಡ್ ಅಥವಾ ಗಟ್ಟಿ ರಟ್ಟಿನ ಪಟ್ಟಿಗಳನ್ನು ಕ್ಯಾಬಿನೆಟ್ಟಿನ ಮೇಲಿಟ್ಟು, ಗೋಡೆಯ ಡೊಂಕನ್ನು ಅನುಸರಿಸಿ ಕತ್ತರಿಸಿ, ಅಂಟಿನಿಂದ ಕೂಡಿಸಿ ಅಚ್ಚು ತಯಾರಿಸಬೇಕು. ಅಚ್ಚಿನ ಮೇಲೆಯೇ ಮುಂಭಾಗ ಯಾವುದು, ಮೇಲ್ಮೈ ಯಾವುದು, ಸಿಂಕಿನ ನಡುಗೆರೆ ಎಲ್ಲಿ ಎಂದು ಬರೆಯುವುದನ್ನು ಮರೆಯಬಾರದು. ತಿರುಗುಮುರುಗಾಗಿ ಕೊಯ್ದ ಕಲ್ಲನ್ನು ಸರಿಪಡಿಸಲು ಬರುವುದಿಲ್ಲ.

ಭಾರದ ಅಂದಾಜೂ ಇರಲಿ. 20 ಮಿ.ಮೀ. ಗ್ರಾನೈಟ್ ಒಂದು ಚದರ ಮೀಟರಿಗೆ ಸುಮಾರು 54 ಕಿ.ಗ್ರಾಂ. ತೂಗುತ್ತದೆ, 3 ಮೀಟರ್ ಉದ್ದ, 60 ಸೆಂ.ಮೀ. ಅಗಲದ ಕಟ್ಟೆಯೆಂದರೆ ಸುಮಾರು 97 ಕಿ.ಗ್ರಾಂ. ಕೂರಲು ಕಟ್ಟೆಯನ್ನು ಮುಂದಕ್ಕೆ ಚಾಚಿಸುವುದಾದರೆ, ಆಧಾರವಿಲ್ಲದೆ 20 ಮಿ.ಮೀ. ಕಲ್ಲಿಗೆ ಸುಮಾರು 15 ಸೆಂ.ಮೀ., 30 ಮಿ.ಮೀ. ಕಲ್ಲಿಗೆ ಸುಮಾರು 25 ಸೆಂ.ಮೀ. ಮಿತಿ, ಅದರಾಚೆಗೆ ಉಕ್ಕಿನ ಆಧಾರ ಬೇಕು.

ಸಿಂಕ್, ಒಲೆ ಮತ್ತು ಸಂದು

ಸಿಂಕ್, ನಲ್ಲಿ, ಒಲೆ ಈ ಮೂರೂ ಅಳತೆಯ ದಿನ ಮನೆಯಲ್ಲಿರಬೇಕು. ಚಿತ್ರ ನೋಡಿ, ಅಂಗಡಿಯವರು ಹೇಳಿದ ಅಳತೆಯನ್ನು ನಂಬಿ ಒಮ್ಮೆ ನಾನೇ ಕಂಡಿ ಕೊಯ್ಯಿಸಿದ್ದೆ. ಬಂದ ಸಿಂಕಿನ ಅಂಚು ಕಂಡಿಯ ಮೇಲೆ ಕೂರದೆ ಒಂದು ಬದಿಯಲ್ಲಿ ಜಾರುತ್ತಿತ್ತು, ಕೊನೆಗೆ ದೊಡ್ಡ ಸಿಂಕನ್ನೇ ಕೊಳ್ಳಬೇಕಾಯಿತು.

ಕಟ್ಟೆಯ ಮೇಲೆ ಅಂಚು ಕೂರುವ ಸಿಂಕ್ ಅಗ್ಗ, ಅಳವಡಿಸಲು ಸುಲಭ, ಕಂಡಿಯ ಒರಟನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕಟ್ಟೆಯ ಅಡಿಯಿಂದ ಕೂರುವ ಸಿಂಕಿಗೆ ನೀರನ್ನು ನೇರ ಒಳಕ್ಕೆ ಬಳಿಯಬಹುದೆಂಬ ಅನುಕೂಲವಿದೆ, ಆದರೆ ಕಂಡಿಯ ಒಳ ಅಂಚಿಗೂ ಪಾಲಿಶ್ ಬೇಕಾಗುವುದರಿಂದ ಕೂಲಿ ಏರುತ್ತದೆ, ಮತ್ತು ನೀರು ತುಂಬಿದ ಸಿಂಕಿನ ಭಾರ ಅಂಟಿನ ಮೇಲೆ ಬೀಳದಂತೆ ಕೆಳಗೆ ಚೌಕಟ್ಟು ಕಟ್ಟಬೇಕಾಗುತ್ತದೆ. ನಲವತ್ತು ಲೀಟರ್ ಹಿಡಿಯುವ ತೊಟ್ಟಿಯಲ್ಲಿ ನೀರೇ ನಲವತ್ತು ಕಿಲೋ ಎಂಬುದನ್ನು ನೆನಪಿಟ್ಟರೆ ಸಾಕು. ಮಾಮೂಲಿ ಲ್ಯಾಮಿನೇಟ್ ಕಟ್ಟೆಗೆ ಅಡಿಯಿಂದ ಕೂರುವ ಸಿಂಕ್ ಬೇಡವೇ ಬೇಡ, ಹಲಗೆಯ ಬಾಯಿ ನೀರಿಗೆ ತೆರೆದಿರುತ್ತದೆ.

ಕಲ್ಲಿನ ಅತಿ ದುರ್ಬಲ ಭಾಗವೆಂದರೆ ಸಿಂಕಿನ ಮುಂದೆಯೂ ಹಿಂದೆಯೂ ಉಳಿಯುವ ಕಿರಿದಾದ ಪಟ್ಟಿ. ಅದು 5 ಸೆಂ.ಮೀ.ಗಿಂತ ಕಡಿಮೆಯಾಗದಂತೆ ಸಿಂಕಿನ ಅಗಲವನ್ನು ಆರಿಸಬೇಕು. ಕಂಡಿಯ ಮೂಲೆಗಳು ಚೂಪಾಗಿರದೆ ದುಂಡಾಗಿರಬೇಕು, ಏಕೆಂದರೆ ಒತ್ತಡವೆಲ್ಲ ಚೂಪು ಮೂಲೆಯಲ್ಲಿ ಒಟ್ಟುಗೂಡಿ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಸಂದು ಎಲ್ಲಿ ಬರುತ್ತದೆ ಎಂಬುದನ್ನು ಗುತ್ತಿಗೆದಾರರ ಮರ್ಜಿಗೆ ಬಿಡದೆ ನಕ್ಷೆಯ ಮೇಲೆ ಗುರುತಿಸಿ ಒಪ್ಪಿಗೆ ಪಡೆಯಬೇಕು. ಸಿಂಕಿನ ಕಂಡಿಯಿಂದ ಕನಿಷ್ಠ ಒಂದು ಗೇಣಾದರೂ ದೂರ, ಕೆಳಗೆ ಕ್ಯಾಬಿನೆಟ್ಟಿನ ಆಧಾರವಿರುವ ಜಾಗ ಸಂದಿಗೆ ಯೋಗ್ಯ. ಪಾತ್ರೆ ತೊಳೆಯುವ ಯಂತ್ರದ ಮೇಲ್ಭಾಗ ಪೊಳ್ಳಾದ್ದರಿಂದ ಅಲ್ಲಿ ಸಲ್ಲದು. ಗೆರೆಗಳು ಹರಿಯುವ ಕಲ್ಲಾದರೆ ಎರಡು ತುಂಡುಗಳ ಗೆರೆಗಳ ದಿಕ್ಕು ಹೊಂದುವಂತೆ ಕೊಯ್ಯಲು ಮೊದಲೇ ಹೇಳಬೇಕು. ಸಣ್ಣ ಚುಕ್ಕೆಗಳ ಕಲ್ಲಿನಲ್ಲಿ ಸಂದು ಕಣ್ಣಿಗೆ ಬೀಳುವುದೇ ಇಲ್ಲ, ಇದೂ ಬಜೆಟ್ ಕಟ್ಟೆಗೆ ಅಂತಹ ಕಲ್ಲನ್ನು ಆಯಲು ಒಂದು ಕಾರಣ.

ಲ್ಯಾಮಿನೇಟನ್ನು ತಾವೇ ಕೂರಿಸುವುದು

ಕಟ್ಟೆಯ ಹಲಗೆಗೆ ಹಾಳೆಯನ್ನು ಅಂಟಿಸುವಾಗ ಹಾಳೆ ಪ್ರತಿ ಬದಿಯಲ್ಲೂ ಒಂದು ಸೆಂಟಿಮೀಟರಿನಷ್ಟು ಹೊರಚಾಚುವಂತೆ ಕತ್ತರಿಸಿಕೊಳ್ಳಬೇಕು. ಕಾಂಟ್ಯಾಕ್ಟ್ ಅಂಟನ್ನು ಹಲಗೆ ಮತ್ತು ಹಾಳೆ ಎರಡಕ್ಕೂ ಬಳಿದು, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಿದ ನಂತರವೇ ಕೂಡಿಸಬೇಕು. ಈ ಅಂಟು ತಾಕಿದ ಕ್ಷಣವೇ ಹಿಡಿದುಕೊಳ್ಳುವುದರಿಂದ ಸರಿಸಿ ಹೊಂದಿಸಲು ಎರಡನೆಯ ಅವಕಾಶವಿರುವುದಿಲ್ಲ. ಅದಕ್ಕಾಗಿ ಹಲಗೆಯ ಮೇಲೆ ಗೇಣಿಗೊಂದರಂತೆ ತೆಳುವಾದ ಮರದ ಕಡ್ಡಿಗಳನ್ನು ಅಡ್ಡಲಾಗಿಟ್ಟು, ಮೇಲೆ ಹಾಳೆಯನ್ನು ಹೊಂದಿಸಿ, ನಡುವಿನಿಂದ ಒಂದೊಂದೇ ಕಡ್ಡಿಯನ್ನು ಎಳೆಯುತ್ತ, ರೋಲರಿನಿಂದ ಒತ್ತುತ್ತ ಹೊರಕ್ಕೆ ಸಾಗಬೇಕು. ಅಂಟಿನ ಆವಿಗೆ ಬೆಂಕಿ ಹತ್ತುವ ಗುಣವಿದೆ, ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಹಲಗೆಯ ತಳಕ್ಕೂ ಅಗ್ಗದ ಹಾಳೆಯೊಂದನ್ನು ಅಂಟಿಸದಿದ್ದರೆ ತೇವ ಒಂದೇ ಬದಿಯಿಂದ ಒಳಸೇರಿ ಹಲಗೆ ಬಾಗುತ್ತದೆ. ಕಣ್ಣಿಗೆ ಕಾಣದ ಈ ಖರ್ಚನ್ನು ಉಳಿಸಲು ಹೋಗಬಾರದು.

ಹಾಳೆ ಅಂಟಿಸಿದ ಹಲಗೆಯನ್ನು ಕೊಯ್ಯುವಾಗ ಗರಗಸದ ಹಲ್ಲು ಯಾವ ದಿಕ್ಕಿನಲ್ಲಿ ಕಚ್ಚುತ್ತದೆ ಎಂಬುದೇ ಮುಖ್ಯ. ಕೈಯಲ್ಲಿ ಹಿಡಿಯುವ ವೃತ್ತ ಗರಗಸವೂ ಜಿಗ್‌ಸಾವೂ ಕೆಳಗಿನಿಂದ ಮೇಲಕ್ಕೆ ಕಚ್ಚುತ್ತವೆ, ಆದ್ದರಿಂದ ಹಾಳೆಯ ಮುಖ ಕೆಳಗಿರಬೇಕು. ಕೈಗರಗಸ ಕೆಳಮುಖವಾಗಿ ಕಚ್ಚುವುದರಿಂದ ಹಾಳೆ ಮೇಲಿರಬೇಕು. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸಣ್ಣ ಹಲ್ಲಿನ ಬ್ಲೇಡಿನಿಂದ ನಿಧಾನವಾಗಿ ಕೊಯ್ದರೆ ಅಂಚು ಚಕ್ಕೆಯೇಳುವುದಿಲ್ಲ. ಸಿಂಕಿನ ಕಂಡಿಗೆ ಮೊದಲು ನಾಲ್ಕು ಮೂಲೆಗಳಲ್ಲಿ 10 ಮಿ.ಮೀ. ತೂತು ಕೊರೆದು, ತೂತಿನಿಂದ ತೂತಿಗೆ ಕೊಯ್ಯಬೇಕು. ಕೊಯ್ದ ತುಂಡು ಕೊನೆಯ ಗಳಿಗೆಯಲ್ಲಿ ಜೋತುಬಿದ್ದು ಹಾಳೆಯನ್ನು ಸೀಳದಂತೆ ಅಡಿಯಲ್ಲಿ ಆಧಾರವಿರಲಿ.

ಕೊಯ್ದ ಒಳಬಾಯಿಗೆ ಪಾಲಿಯುರೆಥೇನ್ ವಾರ್ನಿಷ್ಷನ್ನು ಎರಡು ಮೂರು ಸಲ ಬಳಿದು ಪೂರ್ತಿ ಒಣಗಿಸುವುದು ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಹೆಚ್ಚು ಮರೆತುಹೋಗುವ ಹಂತ. ನಂತರ ಕಟ್ಟೆಯನ್ನು ಕ್ಯಾಬಿನೆಟ್ಟಿನ ಮೇಲಿಟ್ಟು ಅಡಿಯಿಂದ ಸ್ಕ್ರೂ ಬಿಗಿಯಬೇಕು. ಕ್ಯಾಬಿನೆಟ್ಟಿನ ಪಟ್ಟಿ 18 ಮಿ.ಮೀ., ಕಟ್ಟೆ 38 ಮಿ.ಮೀ. ದಪ್ಪವಿದ್ದರೆ ಸ್ಕ್ರೂ 45 ಮಿ.ಮೀ. ಮೀರಬಾರದು, ಮೀರಿದರೆ ಮೇಲಿನ ಹಾಳೆಯಲ್ಲಿ ಮೊಡವೆ ಏಳುತ್ತದೆ. ಮರದ ಕಟ್ಟೆಯಾದರೆ ಸ್ಕ್ರೂ ತೂತುಗಳನ್ನು ಅಗಲದ ದಿಕ್ಕಿನಲ್ಲಿ ಉದ್ದುದ್ದವಾಗಿ ಕೊರೆಯಬೇಕು. ಋತು ಬದಲಾದಂತೆ ಹಿಗ್ಗಿ ಕುಗ್ಗುವ ಮರಕ್ಕೆ ಜಾಗ ಸಿಗದಿದ್ದರೆ ಅದು ಸೀಳುತ್ತದೆ.

ಕಲ್ಲು ಬಂದ ದಿನ

ಕಲ್ಲಿನ ಕಟ್ಟೆಯನ್ನು ಕೂರಿಸುವುದು ಅನುಭವಿಗಳ ಕೆಲಸ, ಆದರೆ ಏನು ನಡೆಯಬೇಕೆಂದು ತಿಳಿದ ಮನೆಯವರು ಪಕ್ಕದಲ್ಲಿದ್ದರೆ ಕೆಲಸದ ಗುಣಮಟ್ಟವೇ ಬೇರೆ. ದಾರಿಯನ್ನು ಮೊದಲೇ ತೆರವು ಮಾಡಿ, ಚಪ್ಪಡಿಯನ್ನು ಸದಾ ನಿಲ್ಲಿಸಿ ಹೊರಬೇಕು. ಮಲಗಿಸಿ ಹೊತ್ತರೆ ತನ್ನದೇ ಭಾರಕ್ಕೆ ಕಂಡಿಯ ಬಳಿ ಮುರಿಯುತ್ತದೆ. ಕ್ಯಾಬಿನೆಟ್ಟಿನ ಬಳಿ ತಂದು, ಉದ್ದನೆಯ ಅಂಚನ್ನು ಮೇಲಿಟ್ಟು ನಿಧಾನವಾಗಿ ವಾಲಿಸಬೇಕು. ಮೊದಲು ಅಂಟಿಲ್ಲದೆಯೇ ಎಲ್ಲ ತುಂಡುಗಳನ್ನೂ ಕೂರಿಸಿ, ಗೋಡೆಯ ಬಳಿ ಎರಡು ಮೂರು ಮಿಲಿಮೀಟರ್ ಬಿಡುವಿದೆಯೇ, ಮುಂಭಾಗದ ಚಾಚು ಎಲ್ಲೆಡೆ ಒಂದೇ ಸಮನಿದೆಯೇ, ಡ್ರಾಯರುಗಳು ತಡೆಯಿಲ್ಲದೆ ತೆರೆಯುತ್ತವೆಯೇ ಎಂದು ಪರೀಕ್ಷಿಸಬೇಕು. ತಪ್ಪು ಹೇಳಬೇಕಾದ ಕೊನೆಯ ಗಳಿಗೆ ಇದೇ.

ಎಲ್ಲ ಸರಿಯಿದ್ದರೆ ಕಲ್ಲನ್ನು ಸ್ವಲ್ಪ ಎತ್ತಿ, ಕ್ಯಾಬಿನೆಟ್ಟಿನ ಅಂಚಿನ ಮೇಲೆ ಗೇಣಿಗೊಂದರಂತೆ ಸಿಲಿಕೋನಿನ ಮುದ್ದೆಗಳನ್ನಿಟ್ಟು ಇಳಿಸಿದರೆ ಸಾಕು; ಉಳಿದದ್ದನ್ನು ಭಾರವೇ ನೋಡಿಕೊಳ್ಳುತ್ತದೆ, ಮುಂದೆಂದಾದರೂ ತೆಗೆಯಬೇಕಾದರೆ ಬಿಡಿಸಲೂ ಬರುತ್ತದೆ. ಸಂದಿಗೆ ಕಲ್ಲಿನ ಬಣ್ಣಕ್ಕೆ ಹೊಂದಿಸಿದ ಎಪಾಕ್ಸಿ ತುಂಬಿ, ಎರಡೂ ತುಂಡುಗಳನ್ನು ಕ್ಲಾಂಪುಗಳಿಂದ ಎಳೆದು ಬಿಗಿಯಬೇಕು. ಅದು ಗಟ್ಟಿಯಾದ ಮೇಲೆ ಕಣ್ಣು ಮುಚ್ಚಿ ಉಗುರನ್ನು ಸಂದಿಗೆ ಅಡ್ಡಲಾಗಿ ಎಳೆದು ನೋಡಿದರೆ, ಉಗುರು ತಡೆದಲ್ಲಿ ಮಟ್ಟ ತಪ್ಪಿದೆ ಎಂದು ತಿಳಿಯುತ್ತದೆ.

ಗೋಡೆಯಂಚಿಗೂ ಸಿಂಕಿನ ಸುತ್ತಲೂ ತುಂಬುವ ಸಿಲಿಕೋನ್ ನ್ಯೂಟ್ರಲ್ ಬಗೆಯದಾಗಿರಲಿ. ವಿನೆಗರಿನ ವಾಸನೆ ಬರುವ ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ಸುಣ್ಣದ ಅಂಶವಿರುವ ಕಲ್ಲನ್ನು ತಿನ್ನುತ್ತದೆ. ತುಂಬಿದ ಮೇಲೆ 24 ಗಂಟೆ ನೀರು ತಾಗಿಸಬಾರದು. ಗೋಡೆಯ ಟೈಲುಗಳನ್ನು ಕಟ್ಟೆ ಕೂತ ನಂತರವೇ ಹಾಕಿಸಬೇಕು. ಮೊದಲೇ ಹಾಕಿಸಿದರೆ ಕಟ್ಟೆಗೂ ಟೈಲಿಗೂ ನಡುವೆ ಉಳಿಯುವ ಏರುಪೇರಿನ ಬಿರುಕನ್ನು ಮುಚ್ಚುವುದೇ ಒಂದು ಕೆಲಸವಾಗುತ್ತದೆ.

ಗ್ರಾನೈಟಿಗೆ ಸೀಲರ್ ಹಚ್ಚುವ ಮೊದಲು ಕಲ್ಲು ಒಳಗೂ ಒಣಗಿರಬೇಕು, ಆದ್ದರಿಂದ ತೊಳೆದು ಒಂದು ದಿನ ಬಿಡಬೇಕು. ಸೀಲರನ್ನು ಬಟ್ಟೆಯಿಂದ ಸಮನಾಗಿ ಸವರಿ, ಡಬ್ಬದ ಮೇಲೆ ಹೇಳಿದಷ್ಟು ನಿಮಿಷ ಹೀರಲು ಬಿಟ್ಟು, ಮಿಕ್ಕಿದ್ದನ್ನು ಒಣಗುವ ಮುನ್ನವೇ ಒರೆಸಿ ತೆಗೆಯಬೇಕು. ಬಿಟ್ಟರೆ ಮಂಜು ಕವಿದಂತಹ ಪೊರೆ ಉಳಿಯುತ್ತದೆ. ಅದನ್ನು ಮತ್ತೆ ಯಾವಾಗ ಹಚ್ಚಬೇಕೆಂಬುದಕ್ಕೆ ಕ್ಯಾಲೆಂಡರ್ ಬೇಕಿಲ್ಲ, ಮೊದಲು ಹೇಳಿದ ನೀರಿನ ಹನಿಯ ಪರೀಕ್ಷೆಯೇ ತಿಳಿಸುತ್ತದೆ.

ಕೆಲಸಗಾರರು ಹೊರಡುವ ಮುನ್ನ, ಸಿಂಕಿನ ಕಂಡಿಯಿಂದ ಕೊಯ್ದು ತೆಗೆದ ತುಂಡನ್ನು ಕೇಳಿ ಇಟ್ಟುಕೊಳ್ಳಿ. ಹಣ ಕೊಟ್ಟು ಕೊಂಡ ಕಲ್ಲೇ ಅದು. ಹೊಸ ಸೀಲರನ್ನೋ ಕಲೆ ತೆಗೆಯುವ ದ್ರಾವಣವನ್ನೋ ಮೊದಲು ಅದರ ಮೇಲೆ ಪ್ರಯೋಗಿಸಿ ನೋಡಬಹುದು, ಕಟ್ಟೆಯ ಅಂಚು ಎಂದಾದರೂ ಚಕ್ಕೆಯೆದ್ದರೆ ತುಂಬುವ ಎಪಾಕ್ಸಿಯ ಬಣ್ಣವನ್ನು ಅದಕ್ಕೆ ಹೋಲಿಸಿ ಕಲಸಬಹುದು. ಎಪಾಕ್ಸಿಯ ಬಣ್ಣದ ಸಂಖ್ಯೆಯನ್ನೂ ಸೀಲರಿನ ಹೆಸರನ್ನೂ ಅದೇ ತುಂಡಿನ ಹಿಂಬದಿಯಲ್ಲಿ ಅಳಿಸದ ಶಾಯಿಯಿಂದ ಬರೆದು ಸಿಂಕಿನ ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಒರಗಿಸಿಡಿ.